ಏಳು ಸೆಂಟಿಮೀಟರ್ ಏರಲು ಹಿಡಿದ ಕಾಲ

ಈ ಸಲ ಬಂದ ಪತ್ರಗಳಲ್ಲಿ ಪೋಲ್‌ವಾಲ್ಟ್ ಕುರಿತವೇ ಹೆಚ್ಚು. ಉದ್ದನೆಯ ಕೋಲು ಊರಿ ಎತ್ತರದ ಅಡ್ಡಪಟ್ಟಿಯನ್ನು, ಎಂದರೆ ಬಾರನ್ನು, ದಾಟುವ ಆಟ ಅದು. ಕಬಡ್ಡಿ, ಓಟದ ಬಗ್ಗೆ ಕೇಳಿದವರು ದಯವಿಟ್ಟು ಸ್ವಲ್ಪ ಕಾಯಿರಿ. ಕೋಲು ಹಿಡಿದವರಿಗೆ ನಮ್ಮ ಪತ್ರಿಕೆಗಳಲ್ಲಿ ಜಾಗ ಸಿಗುವುದೇ ಅಪರೂಪ, ಆದ್ದರಿಂದ ಇಂದಿನ ಅಂಕಣ ಪೂರ್ತಿ ಅವರಿಗೆ.

ಪ್ರಶ್ನೆ: ಸರ್, ನಾನು ಧಾರವಾಡದವನು, ಕೆಲಸಕ್ಕೆಂದು ಪುಣೆಯಲ್ಲಿದ್ದೇನೆ. 2013ರ ಜುಲೈನಲ್ಲಿ ಇಲ್ಲಿನ ಬಾಲೇವಾಡಿ ಕ್ರೀಡಾಂಗಣದಲ್ಲಿ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದಾಗ ಚೀನಾದ ಲಿ ಲಿಂಗ್ ಪೋಲ್‌ವಾಲ್ಟ್ ಚಿನ್ನ ಗೆದ್ದದ್ದನ್ನು ಕಣ್ಣಾರೆ ಕಂಡೆ. ಹತ್ತು ವರ್ಷ ಕಳೆದ ಮೇಲೆ ಹಾಂಗ್‌ಝೌ ಏಷ್ಯನ್ ಗೇಮ್ಸ್ ಟಿವಿಯಲ್ಲಿ ಬಂದಾಗ ನೋಡಿದರೆ ಚಿನ್ನ ಮತ್ತೆ ಅವರಿಗೇ! ಇಷ್ಟು ಗೆಲ್ಲುವವರು ಒಲಿಂಪಿಕ್ಸ್ ಪದಕಪಟ್ಟಿಯಲ್ಲಿ ಒಮ್ಮೆಯೂ ಕಾಣುವುದಿಲ್ಲವಲ್ಲ, ಏಕೆ? ನನ್ನ ಗೆಳೆಯ ‘ಏಷ್ಯಾದಲ್ಲಷ್ಟೇ ಹುಲಿ’ ಎಂದು ನಗುತ್ತಾನೆ.

ಉತ್ತರ: ನಿಮ್ಮ ಗೆಳೆಯರು ನಗಲಿ, ಆದರೆ ನಗುವ ಮುನ್ನ ನಾಲ್ಕು ಅಂಕಿಗಳನ್ನು ನೋಡಲಿ.

ಲಿ ಲಿಂಗ್ ಹುಟ್ಟಿದ್ದು 1989ರ ಜುಲೈ 6ರಂದು, ಹೆನಾನ್ ಪ್ರಾಂತ್ಯದ ಪುಯಾಂಗ್‌ನಲ್ಲಿ. ನೀವು ನೋಡಿದ ಪುಣೆಯ ಕೂಟ ನಡೆಯುತ್ತಿದ್ದ ವಾರದಲ್ಲೇ ಅವರಿಗೆ 24 ತುಂಬಿತು. ಅಲ್ಲಿ ಅವರು ದಾಟಿದ್ದು 4.54 ಮೀಟರ್. ಅದಾಗಿ ಎರಡು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಶೆನ್ಯಾಂಗ್‌ನಲ್ಲಿ ಚೀನಾದ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಕೂಟದಲ್ಲಿ ಪ್ರಾಂತ್ಯ ಪ್ರಾಂತ್ಯಗಳ ನಡುವೆ ಮಾನದ ಪ್ರಶ್ನೆ. ಹೆನಾನ್‌ನಲ್ಲಿ ಹುಟ್ಟಿದರೂ ಲಿ ಲಿಂಗ್ ಆಡುವುದು ಝೆಜಿಯಾಂಗ್ ಪ್ರಾಂತ್ಯದ ಪರ. ಶೆನ್ಯಾಂಗ್‌ನಲ್ಲಿ ಅವರು 4.65 ಮೀಟರ್ ಜಿಗಿದರು. ತಮ್ಮದೇ ದೇಶದ ಗಾವೊ ಶುಯಿಂಗ್ 2007ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ್ದ 4.64ರ ಏಷ್ಯಾ ದಾಖಲೆ ಒಂದೇ ಒಂದು ಸೆಂಟಿಮೀಟರಿನಿಂದ ಮುರಿಯಿತು.

ಇಲ್ಲಿಂದಾಚೆಗೆ ನನಗೆ ಈ ಬದುಕು ಕುತೂಹಲಕರವಾಗುತ್ತದೆ. 2015ರಲ್ಲಿ ವುಹಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 4.66. ಮತ್ತೆ ಒಂದೇ ಸೆಂಟಿಮೀಟರ್. 2016ರ ಫೆಬ್ರುವರಿಯಲ್ಲಿ ದೋಹಾದ ಒಳಾಂಗಣ ಕೂಟದಲ್ಲಿ 4.70. 2019ರ ಮೇ ತಿಂಗಳಲ್ಲಿ ಶಾಂಘೈನ ಡೈಮಂಡ್ ಲೀಗ್‌ನಲ್ಲಿ 4.72. ಲೆಕ್ಕ ಹಾಕಿ: 4.65ರಿಂದ 4.72ಕ್ಕೆ ಏಳು ಸೆಂಟಿಮೀಟರ್, ಹಿಡಿದದ್ದು ಐದು ವರ್ಷ ಎಂಟು ತಿಂಗಳು. ಏಳು ಸೆಂಟಿಮೀಟರ್ ಎಂದರೆ ನಿಮ್ಮ ನಾಲ್ಕು ಬೆರಳುಗಳನ್ನು ಜೋಡಿಸಿದಷ್ಟು ಅಗಲ. ಅಷ್ಟಕ್ಕಾಗಿ ದಿನವೂ ಓಡಿ, ಕೋಲು ಊರಿ, ತಲೆಕೆಳಗಾಗಿ, ಬಿದ್ದು, ಎದ್ದು ಬರುವವರನ್ನು ಪದಕಪಟ್ಟಿಯ ಒಂದು ಸಾಲಿನಿಂದ ಅಳೆಯುವುದು ನನಗೆ ಒಗ್ಗುವುದಿಲ್ಲ.

ಏಷ್ಯನ್ ಗೇಮ್ಸ್‌ನ ಮೂರು ಚಿನ್ನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2014ರಲ್ಲಿ ಇಂಚಿಯಾನ್‌ನಲ್ಲಿ 4.35, 2018ರಲ್ಲಿ ಜಕಾರ್ತದಲ್ಲಿ 4.60, ಕೊರೊನಾದಿಂದ ಮುಂದಕ್ಕೆ ಹೋಗಿ 2023ರ ಅಕ್ಟೋಬರ್‌ನಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ 4.63. ಇಪ್ಪತ್ತೈದು, ಇಪ್ಪತ್ತೊಂಬತ್ತು, ಮೂವತ್ತನಾಲ್ಕು ಅವರ ವಯಸ್ಸು. ವಯಸ್ಸು ಏರಿದಂತೆ ಗೆದ್ದ ಎತ್ತರವೂ ಏರಿದೆ! ಓಟಗಾರ್ತಿಯರಲ್ಲಿ ಇದನ್ನು ಹುಡುಕುವುದು ಕಷ್ಟ. ಹಾಂಗ್‌ಝೌ ಝೆಜಿಯಾಂಗ್ ಪ್ರಾಂತ್ಯದ ರಾಜಧಾನಿ ಬೇರೆ, ಎಂದರೆ ಆ ಮೂರನೇ ಚಿನ್ನ ಬಂದದ್ದು ತಾವು ಪ್ರತಿನಿಧಿಸುವ ಪ್ರಾಂತ್ಯದ ಜನರ ಮುಂದೆಯೇ.

ಇನ್ನು ಒಲಿಂಪಿಕ್ಸ್. 2008ರಲ್ಲಿ ಬೀಜಿಂಗ್‌ನಲ್ಲಿ ಅವರಿಗೆ ಹತ್ತೊಂಬತ್ತು. ಆ ಕೂಟದಲ್ಲಿ ರಷ್ಯಾದ ಯೆಲೆನಾ ಇಸಿನ್‌ಬಯೇವಾ 5.05 ಮೀಟರ್ ಜಿಗಿದು ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. 2012ರಲ್ಲಿ ಲಂಡನ್‌ಗೂ 2016ರಲ್ಲಿ ರಿಯೊಗೂ ಲಿ ಲಿಂಗ್ ಹೋದರು, ಪದಕ ಬರಲಿಲ್ಲ. ಚಿನ್ನ ಗೆದ್ದ ಎತ್ತರಗಳು ಇವು: ಲಂಡನ್‌ನಲ್ಲಿ 4.75, ರಿಯೊದಲ್ಲಿ 4.85, ಟೋಕಿಯೊ ಮತ್ತು ಪ್ಯಾರಿಸ್‌ಗಳಲ್ಲಿ 4.90. ಲಿ ಲಿಂಗ್ ಅವರ ಜೀವಮಾನದ ಅತ್ಯುತ್ತಮ ಜಿಗಿತ 4.72. ಲಂಡನ್‌ನ ಕಂಚು 4.70ಕ್ಕೆ ಸಿಕ್ಕಿತ್ತು, ಆದರೆ ಆ ವರ್ಷ ಅವರು ಇನ್ನೂ ಆ ಎತ್ತರದ ಹತ್ತಿರ ಬಂದಿರಲಿಲ್ಲ. ಬಂದಾಗ ಲೋಕ ಮೇಲೆ ಹೋಗಿತ್ತು. ಇದರಲ್ಲಿ ನಗುವಂಥದ್ದು ಏನಿದೆ?

ಆದರೂ ನಿಮ್ಮ ಗೆಳೆಯರ ಮಾತಿನ ಅಡಿಯಲ್ಲಿ ಒಂದು ನಿಜವಾದ ಪ್ರಶ್ನೆ ಇದೆ, ಅದನ್ನು ಅವರು ಕೇಳಿಲ್ಲ. ಮಹಿಳೆಯರ ಪೋಲ್‌ವಾಲ್ಟ್‌ನಲ್ಲಿ ಚೀನಾ ಒಂದು ಕಾಲಕ್ಕೆ ಲೋಕಕ್ಕೇ ಮುಂದಿತ್ತು. ಈ ಸ್ಪರ್ಧೆಯ ಅಧಿಕೃತ ವಿಶ್ವದಾಖಲೆಗಳ ಪಟ್ಟಿಯಲ್ಲಿ ಮೊದಲ ಹೆಸರು ಯಾರದು ಗೊತ್ತೇ? ಚೀನಾದ ಸುನ್ ತ್ಸಾಯ್‌ಯುನ್. 1992ರ ಮೇ ತಿಂಗಳಲ್ಲಿ ನಾನ್‌ಜಿಂಗ್‌ನಲ್ಲಿ 4.05 ಮೀಟರ್. 1995ರ ಮೇನಲ್ಲಿ ತಾಯ್‌ಯುಆನ್‌ನಲ್ಲಿ ಅವರೂ ಅವರ ದೇಶದ ಝೊಂಗ್ ಗುಯ್‌ಚಿಂಗ್ ಅವರೂ ಒಂದೇ ದಿನ 4.08 ದಾಟಿದರು. ಅದೇ ತಿಂಗಳು ಝೆಕ್ ಗಣರಾಜ್ಯದ ಡನಿಯೇಲಾ ಬಾರ್ಟೊವಾ 4.10 ಜಿಗಿದರು. ಅಂದು ಕೈತಪ್ಪಿದ ಹೊರಾಂಗಣ ದಾಖಲೆ ಚೀನಾಕ್ಕೆ ಮರಳಲೇ ಇಲ್ಲ. ಹದಿನೇಳು ವರ್ಷಗಳಲ್ಲಿ ವಿಶ್ವದಾಖಲೆ 4.05ರಿಂದ 5.06ಕ್ಕೆ, ಎಂದರೆ ಒಂದು ಮೀಟರಿಗೂ ಹೆಚ್ಚು ಏರಿತು. ಆ ಕೊನೆಯ 5.06, ಇಸಿನ್‌ಬಯೇವಾ 2009ರಲ್ಲಿ ಜ್ಯೂರಿಕ್‌ನಲ್ಲಿ ಮಾಡಿದ್ದು.

ಏನಾಯಿತು ಎಂದರೆ, ನನಗೆ ತೋರುವುದು ಇಷ್ಟು. ತೊಂಬತ್ತರ ದಶಕದ ಮೊದಲಲ್ಲಿ ಮಹಿಳೆಯರ ಕೈಗೆ ಕೋಲು ಕೊಟ್ಟ ದೇಶಗಳೇ ಕಡಿಮೆ. ಚೀನಾ ಬೇಗ ಕೊಟ್ಟಿತು, ಮುಂದೆ ಹೋಯಿತು. 1999ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆ ಸೇರಿದ ಮೇಲೆ ಅಮೆರಿಕ, ರಷ್ಯಾ, ಆಸ್ಟ್ರೇಲಿಯಾ, ಯುರೋಪಿನ ಹುಡುಗಿಯರು ಮೈದಾನಕ್ಕೆ ಬಂದರು. ಅವರ ಹಿಂದೆ ನೂರು ವರ್ಷದ ಗಂಡಸರ ಪೋಲ್‌ವಾಲ್ಟ್ ಪರಂಪರೆ, ಅದನ್ನು ಕಲಿಸಬಲ್ಲ ತರಬೇತುದಾರರು, ವಾರಕ್ಕೊಂದು ಸ್ಪರ್ಧೆ ಇದ್ದವು. ಏಷ್ಯಾದಲ್ಲಿ ಲಿ ಲಿಂಗ್ ಅವರನ್ನು 4.60ರ ಮೇಲೆ ಒತ್ತಿ ಹಿಡಿಯುವವರು ಎಷ್ಟು ಮಂದಿ ಇದ್ದರು? ಎದುರಿಗೆ ಯಾರೂ ಇಲ್ಲದೆ ಬಾರ್ ಏರಿಸಿಕೊಂಡು ಹೋಗುವುದು, ಹಳ್ಳಿ ಜಾತ್ರೆಯಲ್ಲಿ ಒಬ್ಬನೇ ಜಟ್ಟಿ ತೊಡೆ ತಟ್ಟಿದಂತೆ. 2015ರಲ್ಲಿ ಬೀಜಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಫೈನಲ್ ತಲುಪಿದ್ದರು, ಆದರೆ ಅಲ್ಲಿ ಚಿನ್ನದ ಬೆಲೆ 4.90 ಆಗಿತ್ತು.

ಅಂದಹಾಗೆ, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಗಂಡಸರ ಚಿನ್ನ ಗೆದ್ದ ಅಮೆರಿಕದ ಅರ್ಲ್ ಮೆಡೋಸ್ ಜಿಗಿದದ್ದು 4.35. ಲಿ ಲಿಂಗ್ ಇಂಚಿಯಾನ್‌ನಲ್ಲಿ ಗೆದ್ದ ಅದೇ ಎತ್ತರ. ಮೆಡೋಸ್ ಕೈಯಲ್ಲಿದ್ದದ್ದು ಬಿದಿರು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ.

ಪ್ರಶ್ನೆ: ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಕೋಲು ಎಷ್ಟು ಉದ್ದ ಇರಬೇಕೆಂಬ ನಿಯಮವೇ ಇಲ್ಲ ಎಂದು ಮಕ್ಕಳಿಗೆ ಹೇಳಿದೆ. ‘ಹಾಗಾದರೆ ಹತ್ತು ಮೀಟರ್ ಕೋಲು ತಂದರೆ ಆಯಿತಲ್ಲ ಸರ್’ ಎಂದು ಒಬ್ಬ ಹುಡುಗ ಕೇಳಿದ. ಏನು ಹೇಳಲಿ?

ಉತ್ತರ: ಆ ಹುಡುಗನಿಗೆ ಮೊದಲು ಒಂದು ಶಹಬ್ಬಾಸ್ ಹೇಳಿ. ನಿಯಮ ನೀವು ಹೇಳಿದಂತೆಯೇ ಇದೆ: ಕೋಲು ಯಾವ ವಸ್ತುವಿನದಾದರೂ ಇರಬಹುದು, ಎಷ್ಟು ಉದ್ದವಾದರೂ ಎಷ್ಟು ದಪ್ಪವಾದರೂ ಇರಬಹುದು. ಹಾಗಿದ್ದೂ ಯಾರೂ ಹತ್ತು ಮೀಟರಿನದನ್ನು ತರುವುದಿಲ್ಲ, ಏಕೆಂದರೆ ಕೋಲು ತಾನಾಗಿ ಯಾರನ್ನೂ ಎತ್ತುವುದಿಲ್ಲ. ಓಟಗಾರ ತಂದುಕೊಟ್ಟ ಶಕ್ತಿಯನ್ನು ಬಾಗಿ ಬಚ್ಚಿಟ್ಟುಕೊಂಡು, ನೆಟ್ಟಗಾಗುತ್ತ ಹಿಂದಿರುಗಿಸುತ್ತದೆ, ಅಷ್ಟೆ. ಬ್ಯಾಂಕಿನಂತೆ, ಆದರೆ ಬಡ್ಡಿ ಕೊಡದ ಬ್ಯಾಂಕು.

ಕಪ್ಪುಹಲಗೆಯ ಮೇಲೆ ಈ ಲೆಕ್ಕ ಮಾಡಿಸಿ. ಚಲನಶಕ್ತಿ ಪೂರ್ತಿ ಎತ್ತರವಾಗಿ ಬದಲಾದರೆ, ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿದರೆ ಎತ್ತರ ಸಿಗುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಂದವಳಿಗೆ 3.26 ಮೀಟರ್. 8.4 ಮೀಟರ್ ವೇಗದಲ್ಲಿ ಬಂದವಳಿಗೆ 3.60. ವೇಗದಲ್ಲಿ ಇಪ್ಪತ್ತನೇ ಒಂದು ಪಾಲು ಹೆಚ್ಚಾದರೆ ಎತ್ತರದಲ್ಲಿ 34 ಸೆಂಟಿಮೀಟರ್ ಹೆಚ್ಚು. ದೇಹದ ಗುರುತ್ವಕೇಂದ್ರ ನೆಲದಿಂದ ಸುಮಾರು ಒಂದು ಮೀಟರ್ ಮೇಲೆಯೇ ಇರುತ್ತದಲ್ಲ, ಅದನ್ನು ಕೂಡಿಸಿ. ಕೊನೆಯಲ್ಲಿ ಕೋಲನ್ನು ಕೈಯಿಂದ ಒತ್ತಿ ಮೇಲೇಳುವಾಗ ತೋಳು, ಭುಜಗಳಿಂದ ಸಿಗುವುದನ್ನೂ ಕೂಡಿಸಿ, ದಾರಿಯಲ್ಲಿ ಸೋರಿಹೋದದ್ದನ್ನು ಕಳೆಯಿರಿ. ಹತ್ತಿರ ಹತ್ತಿರ ಲಿ ಲಿಂಗ್ ಜಿಗಿಯುವ ಎತ್ತರವೇ ಬರುತ್ತದೆ. ಕೋಲಿನ ಉದ್ದ ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಆ ಹುಡುಗನೇ ಕಂಡುಹಿಡಿಯಲಿ.

ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಲು ಹೆಚ್ಚು ಶಕ್ತಿ ಬೇಕು. ಅದು ಸಾಲದಿದ್ದರೆ ಕೋಲು ಅರ್ಧಕ್ಕೆ ನಿಂತು, ಹತ್ತಿದವನನ್ನು ಓಡಿಬಂದ ಹಾದಿಯ ಮೇಲೆಯೇ ಹಿಂದಕ್ಕೆ ಕೆಡವುತ್ತದೆ. ಬಿಗಿಯಾದ ಕೋಲಿನ ಕಥೆಯೂ ಇದೇ. ಅದಕ್ಕಾಗಿಯೇ ಪ್ರತಿ ಕೋಲಿನ ಮೇಲೆ ಅದು ತಡೆಯಬಲ್ಲ ತೂಕವನ್ನು ನಮೂದಿಸಿರುತ್ತಾರೆ. ದೊಡ್ಡ ಸ್ಪರ್ಧೆಗೆ ಬರುವವರು ಆರೆಂಟು ಕೋಲುಗಳ ಕಟ್ಟನ್ನೇ ತರುತ್ತಾರೆ, ಎತ್ತರ ಏರಿದಂತೆ ಬಿಗಿಯಾದದ್ದಕ್ಕೆ ಹೋಗುತ್ತಾರೆ. ಎದುರುಗಾಳಿ ಬಂದರೆ ಮತ್ತೆ ಮೆತ್ತನೆಯದಕ್ಕೆ ಇಳಿಯುತ್ತಾರೆ. ಒಳಾಂಗಣದಲ್ಲಿ ಗಾಳಿಯ ಕಾಟ ಇಲ್ಲ. ಲಿ ಲಿಂಗ್ 2016ರಲ್ಲಿ ದೋಹಾದ ಸೂರಿನಡಿ ಜಿಗಿದ 4.70 ಅವರ ಅಂದಿನ ಹೊರಾಂಗಣ ಸಾಧನೆಗಿಂತ ನಾಲ್ಕು ಸೆಂಟಿಮೀಟರ್ ಹೆಚ್ಚಾಗಿತ್ತು ಎಂಬುದನ್ನು ಇದರ ಜೊತೆ ಇಟ್ಟು ಯೋಚಿಸಬಹುದು.

ಬಿದಿರು ಬಾಗುವುದು ಕಡಿಮೆ. ಹಾಗಿದ್ದೂ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ ಬಿದಿರು ಹಿಡಿದೇ 4.77 ಮೀಟರ್ ದಾಟಿದ್ದರು. ಗಾಜಿನ ನಾರಿನ ಕೋಲು ಬಂದ ಮೇಲೆಯೇ ಗಂಡಸರು ಐದು ಮೀಟರ್ ದಾಟಿ, ಆಮೇಲೆ ಆರನ್ನೂ ದಾಟಿದರು. ನಾನು ಕಾಲೇಜಿನಲ್ಲಿದ್ದಾಗ ನಮಗೂ ಬಿದಿರೇ ಗತಿ, ಬೀಳಲು ಮರಳಿನ ಗುಂಡಿ. ಮೊಣಕಾಲು ಇಂದಿಗೂ ಮಳೆಗಾಲದಲ್ಲಿ ಅದನ್ನು ನೆನಪಿಸುತ್ತದೆ.

ಪ್ರಶ್ನೆ: ಇಬ್ಬರೂ ಒಂದೇ ಎತ್ತರ ಜಿಗಿದರೂ ಒಬ್ಬರಿಗೆ ಚಿನ್ನ, ಇನ್ನೊಬ್ಬರಿಗೆ ಬೆಳ್ಳಿ ಕೊಡುತ್ತಾರೆ. ಇದು ಯಾವ ನ್ಯಾಯ? (ಓದುಗರು, ಹಾಸನ)

ಉತ್ತರ: ಎಡವಿದ್ದನ್ನು ಎಣಿಸುವ ನ್ಯಾಯ. ಒಬ್ಬೊಬ್ಬರಿಗೂ ಸತತ ಮೂರು ವೈಫಲ್ಯದವರೆಗೆ ಅವಕಾಶ ಇರುತ್ತದೆ. ಸಮ ಬಂದಾಗ, ಕೊನೆಗೆ ದಾಟಿದ ಎತ್ತರದಲ್ಲಿ ಯಾರು ಕಡಿಮೆ ಸಲ ಬಾರ್ ಬೀಳಿಸಿದರು ಎಂದು ಮೊದಲು ನೋಡುತ್ತಾರೆ. ಅದೂ ಸಮವಾದರೆ ಆವರೆಗಿನ ಒಟ್ಟು ವೈಫಲ್ಯಗಳನ್ನು ಎಣಿಸುತ್ತಾರೆ. ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜೆನ್ ಸೂರ್, ಕ್ಯೂಬಾದ ಯಾರಿಸ್ಲೇ ಸಿಲ್ವಾ ಇಬ್ಬರೂ 4.75 ದಾಟಿದರು, ಈ ಎಣಿಕೆಯಲ್ಲಿ ಚಿನ್ನ ಸೂರ್ ಪಾಲಾಯಿತು.

ಎಣಿಕೆಯಲ್ಲೂ ಸಮ ಎಂದರೆ ಮೊದಲ ಸ್ಥಾನಕ್ಕೆ ಮತ್ತೆ ಜಿಗಿಯಬಹುದು, ಇಲ್ಲವೇ ಇಬ್ಬರೂ ಒಪ್ಪಿ ಚಿನ್ನ ಹಂಚಿಕೊಳ್ಳಬಹುದು. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಕೇಟಿ ಮೂನ್, ಆಸ್ಟ್ರೇಲಿಯಾದ ನೀನಾ ಕೆನಡಿ 4.90ರಲ್ಲಿ ಸಮ ನಿಂತು ಹಾಗೆಯೇ ಮಾಡಿದರು.

ನನಗೆ ಇಷ್ಟವಾದ ಸಮಬಲ ಮಾತ್ರ ಹಳೆಯದು, ಏಷ್ಯಾದ್ದು. ಬರ್ಲಿನ್, 1936. ಜಪಾನಿನ ಶುಹೇಯಿ ನಿಶಿದಾ, ಸುಯೇಒ ಓಎ ಇಬ್ಬರೂ 4.25ರಲ್ಲಿ ನಿಂತರು. ಗೆಳೆಯರು, ಒಬ್ಬರ ವಿರುದ್ಧ ಒಬ್ಬರು ಮತ್ತೆ ಜಿಗಿಯಲು ಒಪ್ಪಲಿಲ್ಲ. ನಿಶಿದಾಗೆ ಬೆಳ್ಳಿ, ಓಎಗೆ ಕಂಚು ಎಂದಾಯಿತು. ಊರಿಗೆ ಮರಳಿದ ಮೇಲೆ ಎರಡೂ ಪದಕಗಳನ್ನು ನಡುವೆ ಕತ್ತರಿಸಿ, ಅರ್ಧ ಬೆಳ್ಳಿಗೆ ಅರ್ಧ ಕಂಚು ಬೆಸೆಯಿಸಿ ಇಬ್ಬರೂ ಒಂದೊಂದು ಇಟ್ಟುಕೊಂಡರು. ಅಕ್ಕಸಾಲಿಗರಿಗೆ ಅಂಥ ಕೆಲಸ ಅದಕ್ಕೂ ಮೊದಲು ಬಂದಿರಲಾರದು.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು. ಶಾಲೆಯಲ್ಲಿ ಉದ್ದ ಜಿಗಿತದಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿದ್ದಾಳೆ. ಪೋಲ್‌ವಾಲ್ಟ್ ವಿಡಿಯೊಗಳನ್ನು ನೋಡಿ ಹಿತ್ತಲಿನ ಬಿದಿರು ಕಡಿದು ಗದ್ದೆಯಲ್ಲಿ ಜಿಗಿಯಲು ಶುರು ಮಾಡಿದ್ದಾಳೆ. ಬಿಡಲೋ, ತಡೆಯಲೋ? (ತಾಯಿ, ಕಾರ್ಕಳ ತಾಲ್ಲೂಕು)

ಉತ್ತರ: ಬಿದಿರನ್ನು ಇಂದೇ ಕಸಿದುಕೊಳ್ಳಿ ಅಮ್ಮ, ಆಸೆಯನ್ನು ಕಸಿಯಬೇಡಿ. ಒಣಗಿದ ಬಿದಿರು ಹೇಳದೆ ಕೇಳದೆ ಸೀಳುತ್ತದೆ, ಸೀಳಿದ ತುದಿ ಕತ್ತಿಯಂತಿರುತ್ತದೆ. ಬೆನ್ನಿನ ಮೇಲೆ ಬೀಳುವ ಆಟ ಇದು. ದಪ್ಪನೆಯ ಮ್ಯಾಟ್ ಇಲ್ಲದ ಕಡೆ ಎತ್ತರದ ಮಾತೇ ಬೇಡ.

ಈಗ ಆಕೆ ಮಾಡಬಹುದಾದದ್ದು ಬೇಕಾದಷ್ಟಿದೆ. ಓಟದ ವೇಗ ಎಲ್ಲಕ್ಕಿಂತ ಮೊದಲು, ಮೇಲಿನ ಲೆಕ್ಕ ನೋಡಿದಿರಲ್ಲ. ಉದ್ದ ಜಿಗಿತ ಬಿಡದಿರಲಿ, ಹೆಜ್ಜೆ ಅಳೆದು ಓಡಿ ಸರಿಯಾದ ಜಾಗದಲ್ಲಿ ಕಾಲೂರಿ ಏಳುವ ಕಲೆ ಎರಡಕ್ಕೂ ಒಂದೇ. ಹಗ್ಗ ಹತ್ತುವುದು, ಅಡ್ಡಕಂಬಿಗೆ ಜೋತು ಕಾಲನ್ನು ತಲೆಯ ಮೇಲಕ್ಕೆ ತರುವುದು, ಕೈಮೇಲೆ ನಿಲ್ಲುವುದು, ಲಾಗ ಹಾಕುವುದು, ಇವೆಲ್ಲ ಬರಲಿ. ಇಸಿನ್‌ಬಯೇವಾ ಹದಿನೈದರವರೆಗೆ ಜಿಮ್ನಾಸ್ಟ್ ಆಗಿದ್ದವರು, ಎತ್ತರ ಬೆಳೆದದ್ದರಿಂದ ಅದನ್ನು ಬಿಟ್ಟು ಕೋಲು ಹಿಡಿದರು. ನಿಮ್ಮ ಮಗಳಿಗೆ ಕಾಲ ಮೀರಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಆಮೇಲೆ ತಿಳಿದ ತರಬೇತುದಾರರ ಕಣ್ಣೆದುರು, ಗಿಡ್ಡ ಕೋಲನ್ನು ತಗ್ಗಿನಲ್ಲಿ ಹಿಡಿದು ಮರಳಿನ ಗುಂಡಿಗೆ ಜೀಕುವುದರಿಂದ ಆರಂಭಿಸಬಹುದು. ಆ ಹಂತದಲ್ಲಿ ಬಾರ್ ಇರುವುದೇ ಇಲ್ಲ.

ಒಂದು ಮಾತು ಮುಚ್ಚಿಡುವುದಿಲ್ಲ. ಮ್ಯಾಟ್ ಇರುವ, ಕಲಿಸುವವರೂ ಇರುವ ಮೈದಾನಗಳು ನಮ್ಮಲ್ಲಿ ವಿರಳ. ಕೋಲುಗಳು ದುಬಾರಿ, ಮಕ್ಕಳು ಬೆಳೆದಂತೆ ಅವೂ ಬದಲಾಗಬೇಕು. ಅವನ್ನು ಊರಿಂದೂರಿಗೆ ಒಯ್ಯುವುದು ಇನ್ನೊಂದು ಪಾಡು. ನಾನು ಹುಡುಗರನ್ನು ಕರೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಕೋಲಿನ ಕಟ್ಟನ್ನು ಬಸ್ಸಿನ ಮೇಲೆ ಬಾಳೆಗೊನೆಗಳ ಪಕ್ಕ ಹಗ್ಗ ಬಿಗಿದು ಸಾಗಿಸುತ್ತಿದ್ದೆವು. ಒಮ್ಮೆ ಒಬ್ಬ ನಿರ್ವಾಹಕರು ‘ಇಷ್ಟು ಉದ್ದದ ದೋಟಿ ಯಾವ ತೆಂಗಿನಮರಕ್ಕೆ?’ ಎಂದು ಕೇಳಿ, ಲಗೇಜು ಟಿಕೆಟು ಹರಿದೇ ಬಿಟ್ಟಿದ್ದರು.

ಭಾರತದ ಹುಡುಗಿಯರು ಎಲ್ಲಿದ್ದಾರೆ ಎಂದು ತಿಳಿಯುವ ಆಸೆ ಇದ್ದರೆ: 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ತಮಿಳುನಾಡಿನ ರೋಸಿ ಮೀನಾ ಪೌಲ್‌ರಾಜ್ 4.21 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದರು. ಲಿ ಲಿಂಗ್ ಅವರ 4.72ಕ್ಕೂ ಇದಕ್ಕೂ ಅರ್ಧ ಮೀಟರ್ ಅಂತರ. ಚೀನಾದ ಹುಡುಗಿಯರು 4.08ರಿಂದ 4.72ಕ್ಕೆ ಬರಲು ಇಪ್ಪತ್ತನಾಲ್ಕು ವರ್ಷ ತೆಗೆದುಕೊಂಡರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಗಳನ್ನು ಒಮ್ಮೆ ಬೆಂಗಳೂರಿಗೋ, ರಾಜ್ಯಮಟ್ಟದ ಕೂಟ ಎಲ್ಲಿ ನಡೆಯುತ್ತದೋ ಅಲ್ಲಿಗೋ ಕರೆದೊಯ್ದು ಸ್ಪರ್ಧೆಯನ್ನು ಹತ್ತಿರದಿಂದ ತೋರಿಸಿ. ವಿಡಿಯೊದಲ್ಲಿ ಆ ಎತ್ತರ ಗೊತ್ತಾಗುವುದಿಲ್ಲ. ಬಾರಿನ ಕೆಳಗೆ ನಿಂತು ತಲೆ ಎತ್ತಿದಾಗ ಕೆಲವು ಮಕ್ಕಳು ಹಿಂದೆ ಸರಿಯುತ್ತಾರೆ, ಕೆಲವರ ಕಣ್ಣು ಅರಳುತ್ತದೆ. ನಿಮ್ಮವಳು ಯಾವ ಬಗೆ ಎಂದು ಅಲ್ಲೇ ತಿಳಿದುಹೋಗುತ್ತದೆ.

ಪ್ರಶ್ನೆ: ಮೈ ತಾಗಿ ಬಾರ್ ಅಲುಗಾಡಿದರೂ ಬೀಳದಿದ್ದರೆ ಜಿಗಿತ ಸರಿಯೇ? ಕೋಲು ಮುರಿದರೆ? (ವಿದ್ಯಾರ್ಥಿ, ರಾಯಚೂರು)

ಉತ್ತರ: ಬೀಳದಿದ್ದರೆ ಸರಿ. ತೀರ್ಪುಗಾರರು ಬಿಳಿ ಬಾವುಟ ಎತ್ತುವವರೆಗೆ ಜಿಗಿದವರು ಮ್ಯಾಟ್ ಮೇಲೆ ಕುಳಿತು, ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿರುತ್ತಾರೆ. ಅಲುಗಿದ ಬಾರ್ ಕೈಯಿಂದ ಹಿಡಿದು ನಿಲ್ಲಿಸಿದರೆ ಮಾತ್ರ ಕೆಂಪು. ಕೋಲು ಮುರಿದರೆ ಅದನ್ನು ವೈಫಲ್ಯ ಎಂದು ಎಣಿಸುವುದಿಲ್ಲ, ಮತ್ತೊಂದು ಅವಕಾಶ ಉಂಟು. ಹೊಸ ಕೋಲು ಮಾತ್ರ ನೀವೇ ತಂದಿರಬೇಕು, ಬೇರೆಯವರದನ್ನು ಮುಟ್ಟುವ ಮೊದಲು ಅವರನ್ನು ಕೇಳಬೇಕು.